ಒತ್ತಿದ ಮಣ್ಣಿನ ಇಟ್ಟಿಗೆಯೂ ಅದರ ಕೈಕೆಲಸದ ಶಿಕ್ಷಣವೂ

ಮಣ್ಣಿನ ಗೋಡೆಯು ನಮ್ಮ ಸೀಮೆಗೆ ಹೊಸದಲ್ಲ. ಕೆಮ್ಮಣ್ಣನ್ನು ನೆನೆಸಿ, ತುಳಿದು, ವರಸೆ ವರಸೆಯಾಗಿ ಏರಿಸಿದ ಗೋಡೆಗಳು ತಲೆಮಾರುಗಳ ಕಾಲ ನಿಂತಿರುವುದನ್ನು ಎಲ್ಲರೂ ಬಲ್ಲರು. ಆದರೆ ಮಳೆಯ ನೀರು ಬುಡವನ್ನು ಕೊರೆದಲ್ಲಿ ಅಂಥ ಗೋಡೆಯು ಒಂದೇ ರಾತ್ರಿಯಲ್ಲಿ ಕುಸಿದು ಪ್ರಾಣಹಾನಿಯಾಗುವುದೂ ಉಂಟು. ಈ ಭಯದಿಂದ ರೈತರು ಸುಟ್ಟ ಇಟ್ಟಿಗೆಯನ್ನು ಕೊಳ್ಳುವರು. ಅದನ್ನು ಸುಡುವ ಗೂಡಿಗೆ ಸೌದೆಯಾಗಲಿ ಕಲ್ಲಿದ್ದಲಾಗಲಿ ಬೇಕು. ಅನೇಕ ಕಡೆ ಹೊಲದ ಫಲವತ್ತಾದ ಮೇಲ್ಮಣ್ಣೂ ಅದಕ್ಕೇ ಹೋಗುವುದು. ಗೂಡಿನಿಂದೇಳುವ ಇಂಗಾಲಾಮ್ಲ ವಾಯುವು ಭೂಮಿಯ ಶಾಖವನ್ನು ಹೆಚ್ಚಿಸತಕ್ಕ ವಾಯುಗಳಲ್ಲಿ ಮುಖ್ಯವಾದುದು.

ಈ ಎರಡು ಕೇಡುಗಳನ್ನೂ ತಗ್ಗಿಸತಕ್ಕ ಮಾರ್ಗವೊಂದುಂಟು. ಗ್ರಾಮಗಳಿಗೆ ಉಪಯುಕ್ತವಾದ ವಿದ್ಯೆಗಳನ್ನು ಶೋಧಿಸಲು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ “ಅಸ್ತ್ರ” ಎಂಬ ಶಾಖೆಯು ಏರ್ಪಟ್ಟಿತು. ಅಲ್ಲಿನ ವಿದ್ವಾಂಸರು ಕೈಯಿಂದ ನಡೆಯುವ ಒತ್ತುಯಂತ್ರವನ್ನು ರೂಪಿಸಿ, ಅಲ್ಪ ಸಿಮೆಂಟನ್ನು ಬೆರೆಸಿದ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದರು. ಇದನ್ನು ಸುಡಬೇಕಾಗಿಲ್ಲ. ಸಿಮೆಂಟಿನ ತಯಾರಿಕೆಗೆ ತಗಲುವ ಶಾಖವನ್ನು ಲೆಕ್ಕಕ್ಕೆ ಹಿಡಿದರೂ, ಸುಟ್ಟ ಇಟ್ಟಿಗೆಯ ಗೋಡೆಗೆ ಬೇಕಾಗುವ ಇಂಧನದಲ್ಲಿ ಅರ್ಧಕ್ಕಿಂತಲೂ ಕಡಿಮೆ ಸಾಕು.

1. ಮಣ್ಣಿನ ಆಯ್ಕೆ

ಮೇಲ್ಮಣ್ಣಿನಲ್ಲಿ ಬೇರು, ಎಲೆ, ಗೊಬ್ಬರಗಳ ಅಂಶವಿರುವುದರಿಂದ ಅದು ಇಟ್ಟಿಗೆಗೆ ಸಲ್ಲದು. ಅದನ್ನು ಕೆರೆದು ಹೊಲಕ್ಕೇ ಹಾಕಿ, ಕೆಳಗಿನ ಮಣ್ಣನ್ನು ತೆಗೆಯತಕ್ಕದ್ದು. ಮೂರರಲ್ಲಿ ಎರಡು ಪಾಲು ಮರಳು, ನೂರಕ್ಕೆ 10ರಿಂದ 15 ಪಾಲು ಜೇಡಿ ಇರುವ ಕೆಂಪುಮಣ್ಣು ಉತ್ತಮ. ಎರೆಮಣ್ಣು ನೆನೆದಾಗ ಉಬ್ಬಿ ಒಣಗಿದಾಗ ಬಿರಿಯುವುದರಿಂದ ಅದಕ್ಕೆ ಸುಣ್ಣವೂ ವಿಶೇಷ ಅನುಭವವೂ ಬೇಕು. ಹೊಸಬರು ಅದನ್ನು ಬಿಡುವುದೇ ಲೇಸು.

ಪರೀಕ್ಷೆಯು ಸುಲಭ. ಗಾಜಿನ ಜಾಡಿಯ ಮೂರನೆಯ ಒಂದು ಪಾಲು ಮಣ್ಣು, ಉಳಿದುದಕ್ಕೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಬಿಡಬೇಕು. ಅಡಿಯಲ್ಲಿ ಮರಳು, ನಡುವೆ ಗೋಡು, ಮೇಲೆ ಜೇಡಿ ನಿಲ್ಲುವುದರಿಂದ ಪಾಲುಗಳು ಅಂದಾಜಾಗಿ ತಿಳಿಯುವುವು. ಜೇಡಿ ಮಿತಿಮೀರಿದ್ದರೆ ಮರಳನ್ನಾಗಲಿ ಕಲ್ಲುಪುಡಿಯನ್ನಾಗಲಿ ಸೇರಿಸಬೇಕು.

2. ಬೆರೆಸುವುದು ಮತ್ತು ಒತ್ತುವುದು

ಜರಡಿ ಹಿಡಿದ ಒಣಮಣ್ಣಿಗೆ ತೂಕದಲ್ಲಿ ನೂರಕ್ಕೆ 6ರಿಂದ 8 ಪಾಲು ಸಿಮೆಂಟನ್ನು ಬಣ್ಣವು ಒಂದೇ ಆಗುವಂತೆ ಬೆರೆಸಿ, ಆ ಬಳಿಕ ನೀರನ್ನು ಚಿಮುಕಿಸಬೇಕು. ನೀರಿನ ಹದವೇ ಈ ಕೆಲಸದ ಮರ್ಮ. ಮಿಶ್ರಣವನ್ನು ಉಂಡೆಕಟ್ಟಿ ಎದೆಯೆತ್ತರದಿಂದ ಗಟ್ಟಿನೆಲಕ್ಕೆ ಬಿಡಬೇಕು. ನಾಲ್ಕೈದು ಹೋಳಾದರೆ ಹದ ಸರಿ. ಪುಡಿಯಾದರೆ ನೀರು ಸಾಲದು. ಒಡೆಯದೆ ಚಪ್ಪಟೆಯಾದರೆ ನೀರು ಹೆಚ್ಚು. ನೀರು ಬೆರೆತ ಮಿಶ್ರಣವನ್ನು ಅರ್ಧ ಗಂಟೆಯೊಳಗಾಗಿ ಒತ್ತಿ ಮುಗಿಸಬೇಕಾದುದರಿಂದ ಸ್ವಲ್ಪಸ್ವಲ್ಪವಾಗಿಯೇ ಕಲಸತಕ್ಕದ್ದು. ಅಚ್ಚಿಗೆ ಪ್ರತಿಸಲವೂ ಒಂದೇ ತೂಕವನ್ನು ತುಂಬಬೇಕು. ಇಲ್ಲವಾದರೆ ಇಟ್ಟಿಗೆಗಳ ಬಲವು ಏಕರೀತಿಯಾಗಿರದು.

3. ಆರೈಕೆ

ಒತ್ತಿದ ಇಟ್ಟಿಗೆಗಳನ್ನು ನೆರಳಿನಲ್ಲಿ ಪೇರಿಸಿ, ಹುಲ್ಲು ಹೊದಿಸಿ, ಮರುದಿನ ಮೊದಲ್ಗೊಂಡು 3ರಿಂದ 4 ವಾರಗಳವರೆಗೆ ತೇವವಾಗಿಡಬೇಕು. ಇಲ್ಲಿ ಜಿಪುಣತನ ಮಾಡಿದರೆ ಹಾಕಿದ ಸಿಮೆಂಟು ವ್ಯರ್ಥ. ಆರೈಕೆ ಮುಗಿದ ಇಟ್ಟಿಗೆಯನ್ನು ರಾತ್ರಿಯೆಲ್ಲಾ ನೀರಿನಲ್ಲಿಟ್ಟರೂ ಅಂಚು ಕರಗಬಾರದು. ಕರಗಿದರೆ ಅದು ಗೋಡೆಗೆ ಯೋಗ್ಯವಲ್ಲ.

4. ಕಟ್ಟುವ ವಿಧಾನ

ಇಟ್ಟಿಗೆಯು ಎಷ್ಟೇ ಗಟ್ಟಿಯಾಗಿದ್ದರೂ ಬುಡಕ್ಕೆ ಕಲ್ಲಿನ ತಳಪಾಯವೂ, ತಲೆಗೆ ಚಾಚಿದ ಸೂರೂ ಬೇಕು. ತಳಪಾಯವು ನೆಲದಿಂದ ಒಂದೂವರೆ ಅಡಿ ಮೇಲೆದ್ದು, ಸೂರು 2 ಅಡಿ ಮುಂಚಾಚಿದ್ದರೆ ಮಳೆಯ ಎರಚಲು ಗೋಡೆಗೆ ತಾಕುವುದು ಬಹಳ ಮಟ್ಟಿಗೆ ತಪ್ಪುವುದು.

5. ಶಿಕ್ಷಣದ ಆವಶ್ಯಕತೆ

ಮೇಲೆ ಹೇಳಿದುದನ್ನು ಓದಿ ತಿಳಿಯಬಹುದೇ ಹೊರತು ಓದಿ ಕಲಿಯಲಾಗದು. ಉಳುವವನು ನೆಲದ ಹದವನ್ನು ಅಂಗಾಲಿನಿಂದ ಅರಿಯುವಂತೆ, ಇಟ್ಟಿಗೆಯ ಹದವನ್ನು ಅಂಗೈಯೇ ಅರಿಯಬೇಕು. ಪುದುಚೇರಿಯ ಸಮೀಪದ ಆರೋವಿಲ್‌ನಲ್ಲಿ ಭೂಸಂಸ್ಥೆಯು ಈ ವಿದ್ಯೆಯನ್ನು ಕೈಕೆಲಸದ ಮೂಲಕವೇ ಕಲಿಸುತ್ತ ಬಂದಿದೆ. ಕಲಿಯುವವರು ಅಲ್ಲಿ ಮಣ್ಣನ್ನು ಪರೀಕ್ಷಿಸಿ, ಇಟ್ಟಿಗೆಯನ್ನೊತ್ತಿ, ಗೋಡೆಯನ್ನು ಕಟ್ಟಿ ನೋಡುವರು.

ಗ್ರಾಮದ ಮುಖಂಡರು ಒಬ್ಬ ಅನುಭವಸ್ಥ ಗಾರೆಯವನನ್ನೂ, ಇಬ್ಬರು ಮೂವರು ಯುವಕ ಯುವತಿಯರನ್ನೂ ಜೊತೆಯಾಗಿ ಇಂಥ ಶಿಕ್ಷಣಕ್ಕೆ ಕಳುಹಿಸುವುದು ಶ್ರೇಯಸ್ಕರ. ಅವರು ಹಿಂದಿರುಗಿದ ಮೇಲೆ ವಾಸದ ಮನೆಗೆ ಕೈಹಾಕದೆ, ಸುಗ್ಗಿ ಮುಗಿದ ಬಿಡುವಿನಲ್ಲಿ ಮೊದಲು ಒಂದು ಕಾಂಪೌಂಡು ಗೋಡೆಯನ್ನು ಕಟ್ಟಿಸಿ, ಅದನ್ನು ಒಂದು ಮುಂಗಾರಿನ ಪರೀಕ್ಷೆಗೆ ಒಡ್ಡತಕ್ಕದ್ದು. ಆ ಮಳೆಯನ್ನು ತಡೆದು ನಿಂತ ಗೋಡೆಯನ್ನು ಕಂಡ ಮೇಲೆ ರೈತರು ತಮ್ಮ ಮನೆಗಳಿಗೂ ಅದನ್ನು ನಿರ್ಭಯವಾಗಿ ಅನುಸರಿಸಬಹುದು.