ಮೋಲ್ಡಿಂಗ್ ಮೆಷಿನ್‌ನ ಆಯಿಲ್ ಲೀಕ್ ಅನ್ನು ಕೈಯಾಡಿಸಿ ಹುಡುಕಬಹುದೇ?

ಪ್ಲಾಸ್ಟಿಕ್ ಕಾರ್ಖಾನೆ ಕೆಲಸಗಾರರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಇಂಥದ್ದೊಂದು ಸಲಹೆ ಸುತ್ತುತ್ತಿರುತ್ತದೆ: "ಇಂಜೆಕ್ಷನ್ ಮೋಲ್ಡಿಂಗ್ ಮೆಷಿನ್ ಎಲ್ಲಿ ಸೋರುತ್ತಿದೆ ಗೊತ್ತಾಗುತ್ತಿಲ್ಲವೇ? ಓಡುತ್ತಿರುವಾಗಲೇ ಹೋಸ್ ಉದ್ದಕ್ಕೂ ಕೈಯಾಡಿಸಿ. ಆಯಿಲ್ ತಿಳಿಯಾಗಿ ಕಂಡರೆ ಬದಲಿಸುವ ಖರ್ಚೂ ಬೇಡ." ಎರಡೂ ತಪ್ಪು. ಎರಡನೆಯದು ಮೆಷಿನ್ ಕೆಡಿಸುತ್ತದೆ, ಮೊದಲನೆಯದಕ್ಕೆ ಬೆರಳೇ ಹೋಗಬಹುದು.

ಬಕೆಟ್, ಬಾಟಲಿ ಮುಚ್ಚಳ, ಸ್ವಿಚ್, ಎಲ್ಲವೂ ಈ ಮೆಷಿನ್‌ಗಳಿಂದಲೇ ಬರುವುದು. ಪೀಣ್ಯದ ಸಣ್ಣ ಶೆಡ್‌ಗಳಲ್ಲೂ ಇವನ್ನು ನೋಡಬಹುದು. ಹೈಡ್ರಾಲಿಕ್ ಮಾದರಿಯಲ್ಲಿ ಅಚ್ಚನ್ನು ಬಿಗಿಹಿಡಿಯುವುದು, ಕರಗಿದ ಪ್ಲಾಸ್ಟಿಕ್ ಅನ್ನು ಒಳಗೆ ತಳ್ಳುವುದು ಎಲ್ಲ ಆಯಿಲ್ ಒತ್ತಡದ ಕೆಲಸ. ಆ ಒತ್ತಡ ಸಾಮಾನ್ಯವಾಗಿ 140 ಬಾರ್ ಅಥವಾ ಅದಕ್ಕೂ ಹೆಚ್ಚು. ನಿಮ್ಮ ಕಾರಿನ ಟೈರಿನಲ್ಲಿರುವುದು 2ರಿಂದ 2.5 ಬಾರ್ ಅಷ್ಟೇ. ಚರ್ಮವನ್ನು ತೂರಲು ಸುಮಾರು 7 ಬಾರ್ ಸಾಕು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಳೆ ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ, ಗ್ಲೌಸ್ ಅದನ್ನು ತಡೆಯುವುದೂ ಇಲ್ಲ.

ಮೋಸವಾಗುವುದು ಇಲ್ಲೇ. ಒಳಹೊಕ್ಕ ಜಾಗ ಇರುವೆ ಕಚ್ಚಿದ ಗುರುತಿನಂತಿರುತ್ತದೆ, ಆರಂಭದಲ್ಲಿ ನೋವೂ ಅಷ್ಟಿರುವುದಿಲ್ಲ. ಅರಿಶಿನ ಹಚ್ಚಿ, ಬ್ಯಾಂಡೇಜ್ ಸುತ್ತಿ ಶಿಫ್ಟ್ ಮುಗಿಸುವವರಿದ್ದಾರೆ. ಅಷ್ಟರಲ್ಲಿ ಆಯಿಲ್ ಒಳಗೇ ಸ್ನಾಯುರಜ್ಜುಗಳ ಗುಂಟ ಹರಡಿ ಅಂಗಾಂಶವನ್ನು ಕೊಲ್ಲುತ್ತಿರುತ್ತದೆ. ಕೆಲವು ಗಂಟೆಗಳ ನಂತರ ಬೆರಳು ಊದಿ ಸಿಡಿಯತೊಡಗುತ್ತದೆ. ಇದು ತುರ್ತಾಗಿ ಆಪರೇಷನ್ ಮಾಡಿ, ಕೈ ತೆರೆದು ತೊಳೆಯಬೇಕಾದ ಗಾಯ. ತಡವಾದಷ್ಟೂ ಬೆರಳು ಕತ್ತರಿಸಬೇಕಾಗುವ ಸಾಧ್ಯತೆ ಹೆಚ್ಚುತ್ತದೆ. ಆಸ್ಪತ್ರೆಯಲ್ಲಿ "ಏನೋ ಚುಚ್ಚಿತು" ಎಂದರೆ ಟಿಟಿ ಇಂಜೆಕ್ಷನ್ ಕೊಟ್ಟು ಕಳಿಸಿಬಿಡಬಹುದು. "ಹೆಚ್ಚಿನ ಒತ್ತಡದ ಹೈಡ್ರಾಲಿಕ್ ಆಯಿಲ್ ಒಳಗೆ ಹೊಕ್ಕಿದೆ" ಎಂದೇ ಹೇಳಿ, ಆಯಿಲ್ ಹೆಸರನ್ನೂ ತಿಳಿಸಿ. ನೋವಿಲ್ಲವೆಂದು ಕಾಯಬೇಡಿ.

ಹಾಗಾದರೆ ಲೀಕ್ ಹುಡುಕುವುದು ಹೇಗೆ? ಮೊದಲು ಮೆಷಿನ್ ನಿಲ್ಲಿಸಿ, ಹೋಸ್ ಒರೆಸಿ, ಉಬ್ಬು ಬಿರುಕು ನೋಡಿ. ಓಡುವಾಗಲೇ ನೋಡಬೇಕೆಂದರೆ ಕನ್ನಡಕ ಹಾಕಿಕೊಂಡು, ಉದ್ದ ಕೋಲಿನ ತುದಿಗೆ ರಟ್ಟಿನ ತುಂಡು ಕಟ್ಟಿ ಹಿಡಿಯಿರಿ. ರಟ್ಟು ಒದ್ದೆಯಾದಲ್ಲಿ ಲೀಕ್. ಒತ್ತಡವಿರುವಾಗ ನಟ್ಟು ಬಿಗಿಯಲು ಹೋಗಬೇಡಿ. ಅಕ್ಯುಮ್ಯುಲೇಟರ್ ಇರುವ ಮೆಷಿನ್‌ನಲ್ಲಿ ಮೋಟಾರ್ ಆಫ್ ಆದ ಮೇಲೂ ಒತ್ತಡ ಉಳಿದಿರುತ್ತದೆ. ಮ್ಯಾನುಯಲ್ ಪ್ರಕಾರ ಅದನ್ನು ಇಳಿಸಿ, ಗೇಜ್ ಸೊನ್ನೆ ತೋರಿಸಿದ ಮೇಲೆಯೇ ಸ್ಪ್ಯಾನರ್ ಹಿಡಿಯಿರಿ.

ಇನ್ನು "ತಿಳಿ ಆಯಿಲ್" ಮಾತು. ನಮ್ಮ ಬರಿಗಣ್ಣಿಗೆ ಕಾಣುವ ಕಣ ಸುಮಾರು 40 ಮೈಕ್ರಾನ್‌ಗಿಂತ ದೊಡ್ಡದು. ವಾಲ್ವ್‌ಗಳ ಒಳಗಿನ ಸಂದು ಕೆಲವೇ ಮೈಕ್ರಾನ್. ಅಲ್ಲಿ ಸಿಕ್ಕಿಕೊಳ್ಳುವ ಕಸ ಕಣ್ಣಿಗೆ ಬೀಳುವುದೇ ಇಲ್ಲ! ಹೊಸ ಬ್ಯಾರೆಲ್‌ನ ಆಯಿಲ್ ಕೂಡ ಅಷ್ಟು ಶುದ್ಧವಿರುವುದಿಲ್ಲ, ಫಿಲ್ಟರ್ ಮೂಲಕವೇ ತುಂಬಬೇಕು. ಆಯಿಲ್ ಬದಲಿಸುವ ಕಾಲವನ್ನು ಮ್ಯಾನುಯಲ್ ಅಥವಾ ಲ್ಯಾಬ್ ಪರೀಕ್ಷೆ ಹೇಳಬೇಕು, ಬಣ್ಣವಲ್ಲ. ಬಣ್ಣ ನೆರವಾಗುವುದು ಕೆಟ್ಟ ಸುದ್ದಿಗೆ ಮಾತ್ರ: ಹಾಲಿನಂತೆ ಬೆಳ್ಳಗಾದರೆ ನೀರು ಸೇರಿದೆ, ಆಯಿಲ್ ಕೂಲರ್ ತೂತಾಗಿರಬಹುದು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಅತಿಯಾಗಿ ಬಿಸಿಯಾಗಿದೆ. ಬೋರ್‌ವೆಲ್‌ನ ಗಡಸು ನೀರು ಬಳಸುವಲ್ಲಿ, ಬಕೆಟ್‌ಗೆ ಹಿಡಿಯುವ ಅದೇ ಬಿಳಿ ಪದರ ಕೂಲರ್ ಕೊಳವೆಗಳಲ್ಲೂ ಕಟ್ಟುತ್ತದೆ. ಟ್ಯಾಂಕ್ ಉಷ್ಣತೆ 55 ಡಿಗ್ರಿ ದಾಟುತ್ತಿದ್ದರೆ ಮೊದಲು ಅದನ್ನೇ ಬಿಚ್ಚಿ ನೋಡಿ.