ಒಂದೇ ಅಳತೆ, ಬೇರೆ ಬೇರೆ ಫಲ: ಹಳೆಯ 50 ಮಿ.ಮೀ. ಲೆನ್ಸುಗಳ ಹೋಲಿಕೆ

ಸರಕಿನ ಮೇಲೆ ನಮೂದಾದ ಅಳತೆ ಒಂದೇ ಆಗಿದ್ದರೂ ಎರಡು ತಯಾರಕರ ಮಾಲು ಒಂದೇ ರೀತಿ ಕೆಲಸ ಮಾಡುವುದಿಲ್ಲ ಎಂಬುದು ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಅನುಭವದಿಂದ ತಿಳಿದ ಸಂಗತಿ. ಈ ಮಾತಿಗೆ ಹಳೆಯ ಕ್ಯಾಮೆರಾ ಲೆನ್ಸುಗಳು ಉತ್ತಮ ನಿದರ್ಶನ. 1925ರಿಂದ 1955ರವರೆಗೆ ಜರ್ಮನಿ, ಸೋವಿಯತ್ ಒಕ್ಕೂಟ ಮತ್ತು ಜಪಾನುಗಳಲ್ಲಿ ತಯಾರಾದ 50 ಮಿ.ಮೀ. ಸಂಗಮ ದೂರದ ಲೆನ್ಸುಗಳು ಇಂದಿಗೂ ಹಳೆಯ ವಸ್ತುಗಳ ಮಾರುಕಟ್ಟೆಯಲ್ಲಿ ಕೈ ಬದಲಾಯಿಸುತ್ತಿವೆ. ಹೆಸರು, ವಿನ್ಯಾಸ ಮತ್ತು ತಯಾರಿಕೆಯ ನಿಖರತೆ ಇವುಗಳಲ್ಲಿ ಯಾವುದಕ್ಕೆ ಬೆಲೆ ಕೊಡಬೇಕೆಂಬ ಪ್ರಶ್ನೆಗೆ ಫಿಲ್ಮಿನ ಮೇಲೆ ಅವುಗಳನ್ನು ಹೋಲಿಸಿ ನೋಡಿದಾಗ ಉತ್ತರ ದೊರೆಯುತ್ತದೆ.

ರೇಂಜ್‌ಫೈಂಡರ್ ಎಂದರೇನು?

ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಛಾಯಾಗ್ರಾಹಕನು ಲೆನ್ಸಿನ ಮೂಲಕ ನೋಡುವುದಿಲ್ಲ. ಪಕ್ಕದ ಕಿಂಡಿಯಲ್ಲಿ ಕಾಣುವ ಎರಡು ಬಿಂಬಗಳನ್ನು ಒಂದುಗೂಡಿಸಿ ದೂರವನ್ನು ನಿರ್ಧರಿಸುತ್ತಾನೆ. ಲೆನ್ಸು ಮುಂದೆ ಹಿಂದೆ ಚಲಿಸಿದಂತೆ ಅದರ ಹಿಂಬದಿಯ ಅಂಚು ಕ್ಯಾಮೆರಾದೊಳಗಿನ ಒಂದು ಸನ್ನೆಯನ್ನು ತಳ್ಳುತ್ತದೆ. ಆ ಸನ್ನೆ ಬಿಂಬವನ್ನು ಸರಿಸುತ್ತದೆ. ಆದುದರಿಂದ ಚಿತ್ರದ ಸ್ಪಷ್ಟತೆಯು ಗಾಜಿನ ಗುಣದಷ್ಟೇ ಲೋಹದ ಭಾಗಗಳ ಪರಸ್ಪರ ಹೊಂದಾಣಿಕೆಯನ್ನೂ ಅವಲಂಬಿಸಿದೆ.

ಮೂಲ ವಿನ್ಯಾಸಗಳು

ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದ ಲೈಟ್ಸ್ ಸಂಸ್ಥೆಯು 1925ರಲ್ಲಿ ಓಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು. ಅದರ ಲೆನ್ಸುಗಳನ್ನು ವಿನ್ಯಾಸಗೊಳಿಸಿದವರು ಮ್ಯಾಕ್ಸ್ ಬೆರೆಕ್. ಅವರ ಎಲ್ಮಾರ್ ಲೆನ್ಸಿನಲ್ಲಿ ನಾಲ್ಕು ಮಸೂರಗಳಿದ್ದು, ಗರಿಷ್ಠ ಅಪರ್ಚರ್ ಎಫ್/3.5 ಆಗಿತ್ತು. ಎಫ್/2 ಲೆನ್ಸು ಇದರ ಸುಮಾರು ಮೂರು ಪಟ್ಟು ಬೆಳಕನ್ನು ಒಳಬಿಡುತ್ತದೆ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಪತ್ರಿಕಾ ಛಾಯಾಗ್ರಾಹಕರಿಗೆ ಈ ಅಂತರ ಬಹಳ ಮುಖ್ಯವಾಗಿತ್ತು.

1932ರಲ್ಲಿ ಪ್ರತಿಸ್ಪರ್ಧಿ ಝೈಸ್ ಐಕಾನ್ ಸಂಸ್ಥೆಯು ಕಾಂಟ್ಯಾಕ್ಸ್ ಕ್ಯಾಮೆರಾವನ್ನು ಹೊರತಂದಿತು. ಅದಕ್ಕಾಗಿ ಲುಡ್ವಿಗ್ ಬೆರ್ಟೆಲೆ ರೂಪಿಸಿದ ಎಫ್/2 ಸೋನಾರ್ ಲೆನ್ಸಿನಲ್ಲಿ ಆರು ಮಸೂರಗಳನ್ನು ಮೂರು ಗುಂಪುಗಳಾಗಿ ಅಂಟಿಸಲಾಗಿತ್ತು. ಇದಕ್ಕೆ ಉತ್ತರವಾಗಿ ಲೈಟ್ಸ್ 1933ರಲ್ಲಿ ತಂದ ಎಫ್/2 ಸುಮಾರ್ ಲೆನ್ಸಿನಲ್ಲಿಯೂ ಆರೇ ಮಸೂರಗಳಿದ್ದವು. ಆದರೆ ಗುಂಪುಗಳು ನಾಲ್ಕು.

ಗುಂಪುಗಳ ಸಂಖ್ಯೆಗೆ ಮಹತ್ವವಿರಲು ಕಾರಣವಿದೆ. ಲೇಪನವಿಲ್ಲದ ಗಾಜು ಗಾಳಿಯನ್ನು ಸಂಧಿಸುವ ಪ್ರತಿಯೊಂದು ಮುಖವೂ ಸುಮಾರು ಶೇ. 5ರಷ್ಟು ಬೆಳಕನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಸೋನಾರ್‌ನಲ್ಲಿ ಅಂತಹ ಮುಖಗಳು ಆರು, ಸುಮಾರ್‌ನಲ್ಲಿ ಎಂಟು. ಈ ಲೆಕ್ಕದಂತೆ ಮೊದಲನೆಯದರಲ್ಲಿ ಸುಮಾರು ಶೇ. 26, ಎರಡನೆಯದರಲ್ಲಿ ಸುಮಾರು ಶೇ. 34ರಷ್ಟು ಬೆಳಕು ನೇರ ದಾರಿ ತಪ್ಪುತ್ತದೆ. ಹೀಗೆ ತಪ್ಪಿದ ಬೆಳಕಿನ ಒಂದು ಪಾಲು ಒಳಗೇ ಹೊಯ್ದಾಡಿ ಫಿಲ್ಮಿನ ಮೇಲೆ ಮಸುಕಾಗಿ ಹರಡುತ್ತದೆ. ಸೋನಾರ್ ಚಿತ್ರಗಳಲ್ಲಿ ಕಪ್ಪು ಗಾಢವಾಗಿ, ಸುಮಾರ್ ಚಿತ್ರಗಳಲ್ಲಿ ಬೂದು ಛಾಯೆ ಮೃದುವಾಗಿ ಕಾಣಲು ಇದೇ ಮುಖ್ಯ ಕಾರಣ. 1935ರಲ್ಲಿ ಝೈಸ್‌ನ ವಿಜ್ಞಾನಿ ಅಲೆಕ್ಸಾಂಡರ್ ಸ್ಮಾಕುಲಾ ಪ್ರತಿಫಲನ ತಡೆಯುವ ಲೇಪನವನ್ನು ಕಂಡುಹಿಡಿದರು. ಯುದ್ಧಾನಂತರ ಲೇಪನವು ಸಾಮಾನ್ಯವಾದ ಮೇಲೆ ಈ ಅಂತರ ಬಹುಮಟ್ಟಿಗೆ ಕುಗ್ಗಿತು.

ಒಂದೇ ವಿನ್ಯಾಸ, ಎರಡು ದಾರಿ

ಎರಡನೆಯ ಮಹಾಯುದ್ಧದ ನಂತರ ಕಾಂಟ್ಯಾಕ್ಸ್ ತಯಾರಿಕೆಯ ಯಂತ್ರೋಪಕರಣಗಳು ಯುದ್ಧ ಪರಿಹಾರವಾಗಿ ಸೋವಿಯತ್ ಒಕ್ಕೂಟಕ್ಕೆ ಹೋದವು. ಸೋನಾರ್ ವಿನ್ಯಾಸವು ಅಲ್ಲಿ ‘ಜ್ಯುಪಿಟರ್-8’ ಎಂಬ ಹೆಸರಿನಲ್ಲಿ ಮುಂದುವರಿಯಿತು. ಜಪಾನಿನ ನಿಪ್ಪಾನ್ ಕೊಗಾಕು ಸಂಸ್ಥೆಯೂ ಅದೇ ಮಾದರಿಯನ್ನು ಆಧರಿಸಿ 50 ಮಿ.ಮೀ. ಎಫ್/2 ನಿಕ್ಕೋರ್ ಲೆನ್ಸನ್ನು ತಯಾರಿಸಿತು.

ಆ ದಿನಗಳಲ್ಲಿ ಜಪಾನೀ ಸರಕು ಎಂದರೆ ಅಗ್ಗದ ಅನುಕರಣೆ ಎಂಬ ಭಾವನೆ ಪಾಶ್ಚಾತ್ಯ ಮಾರುಕಟ್ಟೆಯಲ್ಲಿತ್ತು. 1950ರಲ್ಲಿ ‘ಲೈಫ್’ ಪತ್ರಿಕೆಯ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್ ಟೋಕಿಯೋದಲ್ಲಿ ನಿಕ್ಕೋರ್ ಲೆನ್ಸುಗಳನ್ನು ಪರೀಕ್ಷಿಸಿ, ತಮ್ಮ ಲೈಕಾ ಕ್ಯಾಮೆರಾಗಳಿಗೆ ಅಳವಡಿಸಿಕೊಂಡು ಕೊರಿಯಾ ಯುದ್ಧದ ಚಿತ್ರಗಳನ್ನು ತೆಗೆದರು. ಆ ಚಿತ್ರಗಳ ಸ್ಪಷ್ಟತೆ ನ್ಯೂಯಾರ್ಕಿನಲ್ಲಿ ಗಮನ ಸೆಳೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಈ ಕುರಿತು ವರದಿ ಪ್ರಕಟಿಸಿತು. ಒಂದು ಉದ್ಯಮದ ಹೆಸರು ಬದಲಾಗಲು ನಾಂದಿಯಾದದ್ದು ಜಾಹೀರಾತಲ್ಲ. ಪರಿಣತ ಗ್ರಾಹಕನೊಬ್ಬ ತಾನೇ ಮಾಡಿ ನೋಡಿದ ಹೋಲಿಕೆ.

0.8 ಮಿ.ಮೀ. ತಂದ ತೊಡಕು

ಜ್ಯುಪಿಟರ್‌ನ ವಿನ್ಯಾಸವೂ ಅದೇ ಆಗಿದ್ದರೂ, ಲೈಕಾದ ಮೇಲೆ ಅದು ಅನೇಕರಿಗೆ ನಿರಾಸೆ ತಂದಿದೆ. ‘50 ಮಿ.ಮೀ.’ ಎಂಬುದು ವ್ಯವಹಾರದ ಅಳತೆ ಮಾತ್ರ. ಲೈಕಾದ ರೇಂಜ್‌ಫೈಂಡರ್ ಹೊಂದಿಕೊಂಡಿರುವ ನಿಜವಾದ ಸಂಗಮ ದೂರ 51.6 ಮಿ.ಮೀ.; ಝೈಸ್‌ನದು 52.4 ಮಿ.ಮೀ. ಸೋವಿಯತ್ ತಯಾರಕರು ಝೈಸ್ ಅಳತೆಯನ್ನೇ ಅನುಸರಿಸಿದರು. ಜ್ಯುಪಿಟರ್ ಲೆನ್ಸಿನ 39 ಮಿ.ಮೀ. ತಿರುಪು ಲೈಕಾಕ್ಕೆ ಕೂರುತ್ತದೆ, ಅಳತೆ ಕೂರುವುದಿಲ್ಲ.

ಇದರ ಪರಿಣಾಮವನ್ನು ಲೆಕ್ಕ ಹಾಕಬಹುದು. ಅನಂತ ದೂರಕ್ಕೆ ಸರಿಹೊಂದಿಸಿದ ಇಂತಹ ಲೆನ್ಸನ್ನು 1 ಮೀಟರ್ ದೂರಕ್ಕೆ ತಿರುಗಿಸಿದಾಗ, ಅದು ಇರಬೇಕಾದ ಸ್ಥಾನಕ್ಕಿಂತ ಸುಮಾರು 0.09 ಮಿ.ಮೀ. ಹಿಂದೆ ನಿಲ್ಲುತ್ತದೆ. ಎಫ್/2ರಲ್ಲಿ ಫಿಲ್ಮು ಸಹಿಸಬಲ್ಲ ವ್ಯತ್ಯಾಸ, ವಾಡಿಕೆಯ ಲೆಕ್ಕದಂತೆ, ಅತ್ತಿತ್ತ 0.06 ಮಿ.ಮೀ. ಮಾತ್ರ. ಹೀಗಾಗಿ ಸ್ಪಷ್ಟತೆಯ ಸ್ಥಾನ ಸುಮಾರು 3 ಸೆಂ.ಮೀ. ಹಿಂದಕ್ಕೆ ಸರಿದು, ಭಾವಚಿತ್ರದಲ್ಲಿ ಕಣ್ಣು ಮಸುಕಾಗುತ್ತದೆ. ಎಫ್/8ರಲ್ಲಿ ಸಹನೆಯು 0.24 ಮಿ.ಮೀ.ಗೆ ಏರುವುದರಿಂದ ದೋಷ ಕಾಣುವುದೇ ಇಲ್ಲ. ಗಾಜು ನಿರ್ದೋಷಿಯಾಗಿದ್ದರೂ ಹೊಂದಾಣಿಕೆಯ ಕೊರತೆಯಿಂದ ಲೆನ್ಸಿಗೆ ಕೆಟ್ಟ ಹೆಸರು ಬರುವುದು ಹೀಗೆ. ಬಲ್ಲ ಕುಶಲಕರ್ಮಿಗಳು ಒಳಗಿನ ತೆಳುವಾದ ಲೋಹದ ಬಳೆ, ಅಂದರೆ ಶಿಮ್, ಬದಲಿಸಿ ಹತ್ತಿರದ ದೂರಕ್ಕೆ ಇದನ್ನು ಸರಿಪಡಿಸುತ್ತಾರೆ. ಆಗ ಪೂರ್ಣ ತೆರೆದ ಅಪರ್ಚರ್‌ನಲ್ಲಿ ಅನಂತ ದೂರದ ನಿಖರತೆಯನ್ನು ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ.

ಹೋಲಿಕೆಯ ಕ್ರಮ

ಮೂರು ಲೆನ್ಸು, ಮೂರು ದೃಶ್ಯ, ನಾಲ್ಕು ಅಪರ್ಚರ್ ಎಂದು ಯೋಜಿಸಿದರೆ 36 ಚಿತ್ರಗಳ ಒಂದೇ ರೀಲು ಸಾಕಾಗುತ್ತದೆ. ಒಂದೇ ರೀಲು, ಒಂದೇ ಸಂಸ್ಕರಣೆ ಎಂದಾಗ ಫಿಲ್ಮಿನಿಂದ ಬರುವ ಏರುಪೇರು ಬಹುಪಾಲು ನಿವಾರಣೆಯಾಗುತ್ತದೆ. ಸುಮಾರ್, ನಿಕ್ಕೋರ್ ಮತ್ತು ಜ್ಯುಪಿಟರ್-8 ಮೂರೂ ಎಫ್/2 ಲೆನ್ಸುಗಳಾಗಿದ್ದು, 39 ಮಿ.ಮೀ. ತಿರುಪಿನಲ್ಲಿ ದೊರೆಯುವುದರಿಂದ ಒಂದೇ ಕ್ಯಾಮೆರಾದಲ್ಲಿ ಪರೀಕ್ಷಿಸಲು ಸಾಧ್ಯ. ಪ್ರತಿ ದೃಶ್ಯವನ್ನೂ ಎಫ್/2, 2.8, 4 ಮತ್ತು 8ರಲ್ಲಿ ತೆಗೆಯತಕ್ಕದ್ದು.

1. ಇಟ್ಟಿಗೆ ಗೋಡೆ: ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಗೋಡೆಗೆ ನೇರವಾಗಿ ನಿಲ್ಲಿಸಿ, ಮಧ್ಯಭಾಗ ಮತ್ತು ಮೂಲೆಗಳ ಸ್ಪಷ್ಟತೆಯನ್ನು ಹೋಲಿಸುವುದು.

2. ಎದುರು ಬೆಳಕು: ಕಿಟಕಿಯ ಮುಂದೆ ಕಪ್ಪು ವಸ್ತುವನ್ನಿಟ್ಟು, ಕಪ್ಪಿನ ಮೇಲೆ ಮಸುಕು ಎಷ್ಟು ಹರಡುತ್ತದೆಂದು ಗಮನಿಸುವುದು.

3. ಓರೆಯಾಗಿಟ್ಟ ಅಳತೆಪಟ್ಟಿ: 1 ಮೀಟರ್ ದೂರದಲ್ಲಿ ಒಂದು ಗೆರೆಗೆ ಫೋಕಸ್ ಮಾಡಿ, ಯಾವ ಗೆರೆ ಸ್ಪಷ್ಟವಾಗಿದೆಯೆಂದು ನೋಡುವುದು. ಸೋನಾರ್ ಮಾದರಿಯ ಲೆನ್ಸುಗಳಲ್ಲಿ ಅಪರ್ಚರ್ ಕಿರಿದಾಗಿಸಿದಂತೆ ಫೋಕಸ್ ತುಸು ಹಿಂದಕ್ಕೆ ಸರಿಯುವುದುಂಟು. ಇದು ವಿನ್ಯಾಸದ ಸ್ವಭಾವ.

ಫಲಿತಾಂಶವನ್ನು ಮುದ್ರಿತ ಚಿತ್ರದಲ್ಲಿ ನೋಡುವುದಕ್ಕಿಂತ, ನೆಗೆಟಿವನ್ನೇ ಬೆಳಕಿನ ಫಲಕದ ಮೇಲಿಟ್ಟು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಿಂದ ನೋಡುವುದು ಸೂಕ್ತ. ಮುದ್ರಣವಾದರೆ ಎನ್‌ಲಾರ್ಜರ್ ಲೆನ್ಸಿನ ದೋಷವೂ ಸೇರಿಕೊಳ್ಳುತ್ತದೆ.

ಕೊಳ್ಳುವವರ ಗಮನಕ್ಕೆ

ಹೋಲಿಕೆಗೆ ಮುನ್ನ ಲೆನ್ಸಿನ ಸ್ಥಿತಿಯನ್ನು ಟಾರ್ಚ್ ಬೆಳಕಿನಲ್ಲಿ ಪರಿಶೀಲಿಸಬೇಕು. ಸುಮಾರ್‌ನ ಮುಂಭಾಗದ ಗಾಜು ಮೃದುವಾದದ್ದರಿಂದ ಗೀರುಗಳು ಸಾಮಾನ್ಯ. ಹಳೆಯ ಲೆನ್ಸುಗಳ ಒಳಭಾಗದಲ್ಲಿ ಗ್ರೀಸಿನ ಆವಿ ಮಂಜಿನಂತೆ ಕೂರುತ್ತದೆ; ತೇವದ ಹವೆಯಲ್ಲಿ ಬೂಷ್ಟು ಬೆಳೆಯುತ್ತದೆ. ಇಂತಹ ಲೆನ್ಸನ್ನು ಸ್ವಚ್ಛವಾದ ಲೆನ್ಸಿನೊಡನೆ ಹೋಲಿಸಿದರೆ ಪರೀಕ್ಷೆಗೊಳಗಾಗುವುದು ತಯಾರಕನ ಕೌಶಲವಲ್ಲ, ಹಿಂದಿನ ಮಾಲೀಕರ ಪಾಲನೆ.

ಮಾರುವವರು ಲೇಪನ ಇದೆಯೇ, ಗಾಜು ಶುಭ್ರವಾಗಿದೆಯೇ, ಯಾವ ಕ್ಯಾಮೆರಾದ ಮೇಲೆ ಎಫ್/2ರಲ್ಲಿ ಪರೀಕ್ಷಿಸಲಾಗಿದೆ ಎಂಬ ಮೂರು ವಿವರಗಳನ್ನು ಬರೆದುಕೊಟ್ಟರೆ ಕೊಳ್ಳುವವರ ವಿಶ್ವಾಸ ದೃಢವಾಗುತ್ತದೆ. ಬಿಡಿಭಾಗ ತಯಾರಿಸುವ ಸಣ್ಣ ಉದ್ದಿಮೆದಾರರಿಗೂ ಇಲ್ಲಿ ಗಮನಿಸಬೇಕಾದ ಅಂಶವಿದೆ: ತಿರುಪು ಹೊಂದಿದ ಮಾತ್ರಕ್ಕೆ ಭಾಗ ಹೊಂದಿತೆನ್ನಲಾಗದು, ಗ್ರಾಹಕನ ಯಂತ್ರವು ಯಾವ ಮೂಲ ಅಳತೆಗೆ ಹೊಂದಿಕೊಂಡಿದೆ ಎಂಬುದನ್ನು ತಯಾರಿಕೆಗೆ ಮೊದಲೇ ಕೇಳಿ ತಿಳಿಯುವುದು ಅವಶ್ಯ.