ಮೂವತ್ತು ದಿನದ ಗಡುವು

“ಅಕ್ಕಾರ, ಕೂಸು ಕಣ್ಣು ತಗದು ನನ್ನ ಮಾರಿನ ನೋಡಾಕತ್ತೈತಿ. ಮತ್ಯಾಕ್ರಿ ಕಣ್ಣಿನ ಡಾಕ್ಟ್ರು?”

ತಿಂಗಳು ತುಂಬದೆ ಹುಟ್ಟಿದ ಮಗುವನ್ನು ಮನೆಗೆ ಕಳಿಸುವ ದಿನ ತಾಯಂದಿರು, ಅವರಿಗಿಂತ ಹೆಚ್ಚಾಗಿ ಅಜ್ಜಿಯಂದಿರು, ನನ್ನನ್ನು ಕೇಳುವ ಪ್ರಶ್ನೆ ಇದು. ಕಲ್ಯಾಣ ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ವಿಶೇಷ ಆರೈಕೆ ಘಟಕದಲ್ಲಿ ನಾನು ಸ್ಟಾಫ್ ನರ್ಸ್. ಹಳ್ಳಿಯವರ ಬಾಯಲ್ಲಿ ಅದು ‘ಗಾಜಿನ ಪೆಟ್ಟಿಗೆ ವಾರ್ಡು’. ಒಂದು ಕಿಲೋ ಇನ್ನೂರು ಗ್ರಾಂ ತೂಗುತ್ತಿದ್ದ ಕೂಸು ಉಸಿರಿನ ತೊಂದರೆ, ಕಾಮಾಲೆ, ನಂಜು ಎಲ್ಲವನ್ನೂ ದಾಟಿ, ಒಳಲೆಯಲ್ಲಿ ಹಾಲು ಕುಡಿಯುವುದನ್ನು ಕಲಿತಿರುತ್ತದೆ, ಮನೆಯವರ ಮುಖದಲ್ಲಿ ಮೊದಲ ಸಲ ನಗು ಮೂಡಿರುತ್ತದೆ. ಆಗ ನಾನು ಇನ್ನೊಂದು ಪರೀಕ್ಷೆಯ ಚೀಟಿ ಹಿಡಿದು ನಿಂತಿರುತ್ತೇನೆ. ಅವರು ಕೇಳುವುದು ನ್ಯಾಯವೇ. ಆದರೆ ವಾರ್ಡಿನ ಬಾಗಿಲಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಿ ಮುಗಿಯುವ ಉತ್ತರ ಇದಲ್ಲ.

ಆ ಚೀಟಿಯ ಮೇಲೆ ಆರ್‌ಒಪಿ ಎಂದು ಬರೆದಿರುತ್ತದೆ. ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ, ಅಂದರೆ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲದ ಕಾಯಿಲೆ. ಗರ್ಭದಲ್ಲಿ ಸುಮಾರು 16ನೇ ವಾರದಲ್ಲಿ ಕಣ್ಣಿನ ಹಿಂಭಾಗದ ನರದ ಬುಡದಿಂದ ರಕ್ತನಾಳಗಳು ಹೊರಟು, ಅಕ್ಷಿಪಟಲದ ಅಂಚಿನ ಕಡೆಗೆ ನಿಧಾನವಾಗಿ ಹರಡುತ್ತ ಹೋಗುತ್ತವೆ. ಮೂಗಿನ ಕಡೆಯ ಅಂಚನ್ನು 36ನೇ ವಾರದ ಹೊತ್ತಿಗೆ, ಕಿವಿಯ ಕಡೆಯ ಅಂಚನ್ನು 40ನೇ ವಾರದ ಹೊತ್ತಿಗೆ ಮುಟ್ಟುತ್ತವೆ. ಮಗು 30ನೇ ವಾರಕ್ಕೇ ಹುಟ್ಟಿಬಿಟ್ಟರೆ ಅಂಚಿನ ಭಾಗಕ್ಕೆ ಇನ್ನೂ ರಕ್ತ ತಲುಪಿರುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತಲುಪದ ಕೊನೆಭಾಗದ ಹೊಲಗಳನ್ನು ಕಂಡವರಿಗೆ ಆ ಅಂಚಿನ ಸ್ಥಿತಿಯನ್ನು ಬೇರೆ ವಿವರಿಸಬೇಕಿಲ್ಲ.

ಹುಟ್ಟಿದ ಕೂಡಲೇ ಗರ್ಭದಲ್ಲಿದ್ದುದಕ್ಕಿಂತ ಹೆಚ್ಚು ಆಮ್ಲಜನಕ ಸಿಗುವುದರಿಂದ ನಾಳಗಳ ಬೆಳವಣಿಗೆ ನಿಂತುಹೋಗುತ್ತದೆ. ಕೆಲವು ವಾರಗಳ ನಂತರ ಅಕ್ಷಿಪಟಲಕ್ಕೆ ಹಸಿವು ಶುರುವಾಗಿ ಅದು ವಿಇಜಿಎಫ್ ಎಂಬ ಪ್ರೋಟೀನನ್ನು ವಿಪರೀತ ಸುರಿಸುತ್ತದೆ. ಅದರ ಕರೆಗೆ ಹುಟ್ಟಿಕೊಳ್ಳುವ ಹೊಸ ನಾಳಗಳು ದಾರಿ ತಪ್ಪಿದವು. ಅವು ಬೇಗ ಸೋರುತ್ತವೆ, ಗಾಯದ ಕಲೆಯಂತೆ ಬಿಗಿದುಕೊಂಡು ಅಕ್ಷಿಪಟಲವನ್ನೇ ಅದರ ಜಾಗದಿಂದ ಎಳೆದು ಕಿತ್ತುಬಿಡುತ್ತವೆ. ಐದು ಹಂತಗಳಲ್ಲಿ ಐದನೆಯದೆಂದರೆ ಅಕ್ಷಿಪಟಲ ಪೂರ್ತಿ ಕಳಚಿದ ಸ್ಥಿತಿ. ಅಲ್ಲಿಯವರೆಗೂ ಹೊರಗೆ ಏನೂ ಕಾಣದು. ಕಣ್ಣು ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ, ಮಗು ಅಳುವುದಿಲ್ಲ. ತಿಂಗಳುಗಳ ಮೇಲೆ ಕಣ್ಣಾಲಿ ಬೆಳ್ಳಗಾಗಿದೆ ಎಂದು ಓಡಿ ಬರುವ ತಾಯಿಗೆ ಕೊಡಲು ನಮ್ಮ ವೈದ್ಯರ ಬಳಿ ಹೆಚ್ಚೇನೂ ಉಳಿದಿರುವುದಿಲ್ಲ. ಚಿಕಿತ್ಸೆ ಫಲಿಸುವ ಕಾಲಾವಕಾಶ ಎರಡು-ಮೂರು ವಾರಗಳದ್ದು. ಅದು ಬರುವುದೂ ಮನೆಯವರು ‘ಇನ್ನೇನು ಗಂಡಾಂತರ ಕಳೀತು’ ಎಂದು ನಿಟ್ಟುಸಿರು ಬಿಟ್ಟ ಮೇಲೆ.

ಈ ಕಾಯಿಲೆಯ ಚರಿತ್ರೆಯಲ್ಲಿ ನನ್ನಂಥ ನರ್ಸುಗಳೂ ಇದ್ದಾರೆ. 1942ರಲ್ಲಿ ಬಾಸ್ಟನ್ನಿನ ನೇತ್ರವೈದ್ಯ ಥಿಯೋಡರ್ ಟೆರಿ ಇದನ್ನು ಮೊದಲು ವರ್ಣಿಸಿದರು. ಮುಂದಿನ ಹತ್ತು ವರ್ಷಗಳಲ್ಲಿ ಜಗತ್ತಿನಾದ್ಯಂತ ಸುಮಾರು ಹತ್ತು ಸಾವಿರ ಮಕ್ಕಳು ಕುರುಡಾದರೆಂದು ಅಂದಾಜು. ಅದೂ ಒಳ್ಳೆಯ ಇನ್‌ಕ್ಯುಬೇಟರ್‌ಗಳಿದ್ದ ಸಿರಿವಂತ ದೇಶಗಳಲ್ಲೇ ಹೆಚ್ಚು. 1950ರಲ್ಲಿ ಅಮೆರಿಕದ ಮಿಶಿಗನ್ನಿನಲ್ಲಿ ಅವಧಿಗೆ ಮುನ್ನ ಹುಟ್ಟಿದ ಗಾಯಕ ಸ್ಟೀವಿ ವಂಡರ್ ಅವರಲ್ಲೊಬ್ಬರು. ಧಾರಾಳವಾಗಿ ಕೊಡುತ್ತಿದ್ದ ಆಮ್ಲಜನಕವೇ ಕಾರಣವಿರಬಹುದೆಂದು 1951ರಲ್ಲಿ ಮೆಲ್ಬರ್ನಿನ ಮಕ್ಕಳ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ ಬರೆದರು. ಅದೇ ಹೊತ್ತಿಗೆ ವಾಷಿಂಗ್ಟನ್ನಿನ ಗ್ಯಾಲಿಂಜರ್ ಆಸ್ಪತ್ರೆಯಲ್ಲಿ ಆರ್ನಲ್ ಪ್ಯಾಟ್ಸ್ ಎಂಬ ಯುವ ವೈದ್ಯ ಕೆಲವು ಶಿಶುಗಳಿಗೆ ಹೆಚ್ಚು, ಕೆಲವಕ್ಕೆ ಕಡಿಮೆ ಆಮ್ಲಜನಕ ಕೊಟ್ಟು ಹೋಲಿಸುತ್ತಿದ್ದರು. ರಾತ್ರಿ ಪಾಳಿಯ ಕೆಲವು ನರ್ಸುಗಳು, ಕಡಿಮೆ ಆಮ್ಲಜನಕದ ಮಕ್ಕಳು ಸತ್ತೇಹೋದಾವು ಎಂದು ಹೆದರಿ, ಯಾರೂ ಇಲ್ಲದಾಗ ಗುಂಡಿ ತಿರುಗಿಸಿ ಹೆಚ್ಚಿಸುತ್ತಿದ್ದರಂತೆ. ಪ್ಯಾಟ್ಸ್ ಅವರೇ ಮುಂದೆ ಇದನ್ನು ಹೇಳಿಕೊಂಡಿದ್ದಾರೆ. ಆ ನರ್ಸುಗಳನ್ನು ದೂರಲು ನನಗೆ ಮನಸ್ಸಿಲ್ಲ. ಮೈ ನೀಲಿಗಟ್ಟುವ ಕೂಸಿನ ಮುಂದೆ ನಡುರಾತ್ರಿ ನಿಂತವರಿಗೆ ಆ ಕೈ ಯಾಕೆ ಹೋಯಿತೆಂದು ಗೊತ್ತು.

1953-54ರಲ್ಲಿ ಅಮೆರಿಕದ 18 ಆಸ್ಪತ್ರೆಗಳು ಸೇರಿ ನಡೆಸಿದ ಅಧ್ಯಯನ ಆಮ್ಲಜನಕದ ಪಾತ್ರವನ್ನು ಖಚಿತಪಡಿಸಿತು. ಆಮೇಲೆ ಎಲ್ಲ ಕಡೆ ಅದನ್ನು ಕಡಿತಗೊಳಿಸಿದರು. ಕಣ್ಣು ಉಳಿಯಿತು, ಸಾವು ಹೆಚ್ಚಿತು. ನರ್ಸುಗಳ ಭಯವೂ ಸುಳ್ಳಾಗಿರಲಿಲ್ಲ. 2010ರಲ್ಲಿ ಪ್ರಕಟವಾದ ‘ಸಪೋರ್ಟ್’ ಎಂಬ ಅಧ್ಯಯನ ಇದನ್ನೇ ಇನ್ನೊಮ್ಮೆ ತೋರಿಸಿತು. ರಕ್ತದ ಆಮ್ಲಜನಕ ಪ್ರಮಾಣವನ್ನು ಶೇ. 85ರಿಂದ 89ರಲ್ಲಿ ಇಟ್ಟ ಗುಂಪಿನಲ್ಲಿ ತೀವ್ರ ಆರ್‌ಒಪಿ ಕಡಿಮೆ, ಸಾವು ಹೆಚ್ಚು. ಹಾಗಾಗಿ ಈಗ ಹೆಚ್ಚಿನ ಘಟಕಗಳಲ್ಲಿ ಶೇ. 90ರಿಂದ 95ರ ನಡುವೆ ಇಡುತ್ತಾರೆ. ಕೂಸಿನ ಪಾದಕ್ಕೆ ಕಟ್ಟಿದ ಪಲ್ಸ್ ಆಕ್ಸಿಮೀಟರ್ 95 ದಾಟಿದರೂ ಕೂಗಬೇಕು, 90ಕ್ಕಿಂತ ಇಳಿದರೂ ಕೂಗಬೇಕು. ಆಮ್ಲಜನಕದೊಂದಿಗೆ ಗಾಳಿ ಬೆರೆಸಿ ಕೊಡುವ ಬ್ಲೆಂಡರ್ ಇಲ್ಲದೆ, ಸಿಲಿಂಡರಿನಿಂದ ನೇರ ನೂರಕ್ಕೆ ನೂರು ಕೊಡುವ ಕಡೆ ಕಣ್ಣಿನ ಕಾಯಿಲೆ ಹೆಚ್ಚು. ನನ್ನ ಮಟ್ಟಿಗೆ ಆರ್‌ಒಪಿಯ ಮೊದಲ ಔಷಧಿ ಈ ಬ್ಲೆಂಡರ್.

ನಮ್ಮ ದೇಶದಲ್ಲಿ ದೊಡ್ಡ ಕೂಸುಗಳಿಗೂ ಈ ಕಾಯಿಲೆ ಬರುವುದಕ್ಕೆ ಬ್ಲೆಂಡರ್ ಇಲ್ಲದಿರುವುದೂ ಒಂದು ಕಾರಣ. ಅಮೆರಿಕದಲ್ಲಿ 1500 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕ, ಇಲ್ಲವೇ 30 ವಾರ ಅಥವಾ ಅದಕ್ಕಿಂತ ಮುಂಚೆ ಹುಟ್ಟಿದ ಶಿಶುಗಳನ್ನು ಮುಖ್ಯವಾಗಿ ನೋಡುತ್ತಾರೆ. ಆ ಅಳತೆಯನ್ನು ಇಲ್ಲಿ ಹಿಡಿದರೆ ಎಷ್ಟೋ ಮಕ್ಕಳು ಕೈತಪ್ಪುತ್ತಾರೆ. ಭಾರತದ ಮಾರ್ಗಸೂಚಿಯಲ್ಲಿ 2000 ಗ್ರಾಂಗಿಂತ ಕಡಿಮೆ ಅಥವಾ 34 ವಾರಕ್ಕಿಂತ ಮುಂಚೆ ಹುಟ್ಟಿದ ಪ್ರತಿ ಮಗುವಿಗೂ 30 ದಿನದೊಳಗೆ ಮೊದಲ ಪರೀಕ್ಷೆ ಆಗಲೇಬೇಕು. 28 ವಾರಕ್ಕಿಂತ ಮುಂಚಿನ ಅಥವಾ 1200 ಗ್ರಾಂಗಿಂತ ಹಗುರವಾದ ಕೂಸಿಗೆ ಎರಡು-ಮೂರು ವಾರಕ್ಕೇ ಆಗಬೇಕು. ಒಂದು ಕಿಲೋ ಎಂಟುನೂರು ಗ್ರಾಂ ಇದ್ದ ಮಗುವನ್ನು ‘ಗಟ್ಟಿಯಾಗಿದೆ, ಏನೂ ಆಗಲ್ಲ’ ಎಂದು ಕಳಿಸಿಬಿಡುವವರು ಆಸ್ಪತ್ರೆಗಳಲ್ಲಿ ಇಂದಿಗೂ ಇದ್ದಾರೆ. ಇದು ನನಗೆ ಸಿಟ್ಟು ತರಿಸುತ್ತದೆ.

ಪರೀಕ್ಷೆ ಮಾಡುವವರು ಎಲ್ಲಿದ್ದಾರೆ? ಶಿಶುವಿನ ಅಕ್ಷಿಪಟಲ ಓದಬಲ್ಲ ತಜ್ಞರು ದೊಡ್ಡ ಊರುಗಳಲ್ಲಿ, ಕೂಸುಗಳು ಜಿಲ್ಲೆಗಳಲ್ಲಿ. ಇದಕ್ಕೆ ಜಗತ್ತು ಗಮನಿಸಿದ ಉತ್ತರವೊಂದು ಕರ್ನಾಟಕದಲ್ಲೇ ಹುಟ್ಟಿತು. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ‘ಕಿಡ್‌ರಾಪ್’ ಯೋಜನೆ ಆರಂಭಿಸಿದರು. ಮುಂದೆ ರಾಜ್ಯ ಸರ್ಕಾರವೂ ಕೈಜೋಡಿಸಿತು. ವೈದ್ಯರಲ್ಲದ ತಂತ್ರಜ್ಞರಿಗೆ ಗಟ್ಟಿ ತರಬೇತಿ ಕೊಟ್ಟು, ಅಗಲ ನೋಟದ ಕ್ಯಾಮೆರಾ ಹೊರಿಸಿ ಜಿಲ್ಲಾ ಆಸ್ಪತ್ರೆಗಳಿಗೆ ಕಳಿಸುವುದು. ಅವರು ತೆಗೆದ ಚಿತ್ರಗಳನ್ನು ತಜ್ಞರು ದೂರದಲ್ಲಿ ಕೂತು ಮೊಬೈಲಿನಲ್ಲೇ ನೋಡುವುದು. ತಂತ್ರಜ್ಞರೂ ಸ್ಥಳದಲ್ಲೇ ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸುತ್ತಾರೆ. ಕೆಂಪೆಂದರೆ ತಕ್ಷಣ ಚಿಕಿತ್ಸೆ, ಕಿತ್ತಳೆಯೆಂದರೆ ಮತ್ತೆ ಬರಬೇಕು, ಹಸಿರೆಂದರೆ ನಿಶ್ಚಿಂತೆ. ಮೊದಲು ಬಳಸುತ್ತಿದ್ದ ಕ್ಯಾಮೆರಾ ಪರದೇಶದ್ದು, ಬಹಳ ದುಬಾರಿ. ಬೆಂಗಳೂರಿನ ಫೋರಸ್ ಹೆಲ್ತ್ ಕಂಪನಿ ‘ತ್ರಿನೇತ್ರ ನಿಯೋ’ ಎಂಬ ಶಿಶುಗಳ ಕ್ಯಾಮೆರಾವನ್ನು ಇಲ್ಲೇ ತಯಾರಿಸಿತು.

ಪರೀಕ್ಷೆ ನೋಡಲು ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಒಂದು ಗಂಟೆ ಮೊದಲು ಹಾಲು ನಿಲ್ಲಿಸುತ್ತೇವೆ, ಇಲ್ಲವಾದರೆ ವಾಂತಿ ನೆತ್ತಿಗೇರಬಹುದು. ಕಣ್ಣಾಲಿ ಹಿಗ್ಗಿಸುವ ಹನಿ, ನೋವು ತಿಳಿಯದ ಹನಿ ಹಾಕಿ, ಕೂಸನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ರೆಪ್ಪೆಯನ್ನು ಪುಟ್ಟ ತಂತಿಯ ಸಾಧನದಿಂದ ಅಗಲಿಸುತ್ತಾರೆ. ತುಟಿಗೆ ಒಂದೆರಡು ಹನಿ ತಾಯಿಯ ಹಾಲು ಅಥವಾ ಸಕ್ಕರೆ ನೀರು ಮುಟ್ಟಿಸಿದರೆ ಅಳು ಕಡಿಮೆಯಾಗುತ್ತದೆ. ಪೂರ್ತಿ ಕೆಲಸ ಕೆಲವೇ ನಿಮಿಷಗಳದ್ದು. ತಾಯಿಯನ್ನು ಹೊರಗೆ ನಿಲ್ಲಿಸುವುದಕ್ಕಿಂತ ಪರದೆಯ ಮೇಲೆ ಮಗುವಿನ ಅಕ್ಷಿಪಟಲ ತೋರಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಕಿತ್ತಳೆ ಬಣ್ಣದ ಆ ವೃತ್ತ, ಅದರಲ್ಲಿ ಅರ್ಧಕ್ಕೇ ನಿಂತ ನಾಳಗಳು, ಆಚೆಗೆ ಬೂದು ಬಣ್ಣದ ಖಾಲಿ ಜಾಗ. ಅದನ್ನು ಕಣ್ಣಾರೆ ನೋಡಿದ ತಾಯಿ ಮುಂದಿನ ತಾರೀಖು ತಪ್ಪಿಸುವುದಿಲ್ಲ.

ತಪ್ಪಿಸುವವರು ಇದ್ದಾರೆ, ಮತ್ತು ಅದಕ್ಕೆ ಅಜ್ಞಾನ ಎಂಬ ಒಂದೇ ಹೆಸರು ಸಾಲದು. ಮೂವತ್ತು ದಿನದ ಗಡುವು ಸರಿಯಾಗಿ ಬಾಣಂತನದ ನಡುವೆ ಬಂದು ಬೀಳುತ್ತದೆ. ಬಾಣಂತಿ ಹೊಸಿಲು ದಾಟಬಾರದು, ಕೂಸಿಗೆ ಗಾಳಿ ತಾಕಬಾರದು, ದೃಷ್ಟಿಯಾಗಬಾರದು. ಆಸ್ಪತ್ರೆಯಿಂದ ಹೋದವಳು ತವರಿಗೆ ಹೋಗಿರುತ್ತಾಳೆ, ನಮ್ಮ ಪುಸ್ತಕದಲ್ಲಿರುವುದು ಗಂಡನ ಮನೆಯ ವಿಳಾಸ. ಫೋನು ಗಂಡನದ್ದು, ಅವನು ಬೆಂಗಳೂರಿನ ಯಾವುದೋ ಕಟ್ಟಡದ ಏಳನೇ ಮಹಡಿಯಲ್ಲಿ ಸಲಾಕೆ ಕಟ್ಟುತ್ತಿರುತ್ತಾನೆ. ಹೆರಿಗೆ ಆಸ್ಪತ್ರೆಯ ಚೀಟಿಯಲ್ಲಿ ಮಗುವಿಗೆ ಹೆಸರೂ ಇರುವುದಿಲ್ಲ, ‘ಬೇಬಿ ಆಫ್’ ಎಂದು ತಾಯಿಯ ಹೆಸರು ಮಾತ್ರ. ಇಂಥ ಕೂಸನ್ನು ಹುಡುಕಿ ತರುವವರು ಆಶಾ ಕಾರ್ಯಕರ್ತೆಯರು. ನವಜಾತ ಶಿಶುವಿನ ಮನೆಗೆ ಅವರು ಮಾಡಬೇಕಾದ ಭೇಟಿಗಳಲ್ಲಿ 28ನೇ ದಿನದ್ದೂ ಒಂದು. ಆ ದಿನ ಅವರ ಕೈಯಲ್ಲಿ ನಮ್ಮ ಚೀಟಿಯ ನಕಲು ಇದ್ದರೆ ಮಗು ಗಡುವಿನೊಳಗೆ ಬರುತ್ತದೆ. ಈಗ ನಾನು ಅಜ್ಜಿಯನ್ನೇ ಎದುರು ಕೂರಿಸಿಕೊಂಡು ಮಾತಾಡುತ್ತೇನೆ. ಬಾಣಂತನದ ಯಜಮಾನಿಕೆ ಅವರದ್ದು, ಗಾಡಿ ಹತ್ತಿಸುವ ಅಧಿಕಾರವೂ ಅವರದ್ದೇ. ಕೂಸಿಗೆ ಕುಂಚಿಗೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಹಣೆಗೆ ಕಾಡಿಗೆ ಬೊಟ್ಟಿಟ್ಟು ಕರೆತನ್ನಿ ಎನ್ನುತ್ತೇನೆ. ಕಣ್ಣಿಗೆ ಮಾತ್ರ ಕಾಡಿಗೆ ಬೇಡ.

ಕೆಂಪು ಬಂದರೆ 48ರಿಂದ 72 ಗಂಟೆಯೊಳಗೆ ಚಿಕಿತ್ಸೆ ಆಗಬೇಕು. ವರ್ಷಗಳಿಂದ ನಡೆದುಬಂದದ್ದು ಲೇಸರ್. ರಕ್ತ ತಲುಪದ ಅಂಚನ್ನು ಸುಟ್ಟರೆ ವಿಇಜಿಎಫ್ ಸುರಿಯುವುದು ನಿಲ್ಲುತ್ತದೆ. ಅಂಚಿನ ನೋಟವನ್ನು ಸ್ವಲ್ಪ ಬಿಟ್ಟುಕೊಟ್ಟು ನಡುವಿನ ನೋಟವನ್ನು ಉಳಿಸಿಕೊಳ್ಳುವ ಚಿಕಿತ್ಸೆ ಅದು. ಹೊಸದಾಗಿ ಬಂದದ್ದು ಕಣ್ಣಿನೊಳಗೆ ಕೊಡುವ ಇಂಜೆಕ್ಷನ್. 2004ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಅಮೆರಿಕದಲ್ಲಿ ಅನುಮತಿ ಪಡೆದ ಬೆವಾಸಿಜುಮ್ಯಾಬ್ ವಿಇಜಿಎಫನ್ನು ಕಟ್ಟಿಹಾಕುತ್ತದೆ. ಕಣ್ಣಿನ ನಟ್ಟನಡುವಿನ ವಲಯದಲ್ಲಿ ಕಾಯಿಲೆ ಇರುವ ಶಿಶುಗಳಲ್ಲಿ ಇದು ಲೇಸರ್‌ಗಿಂತ ಚೆನ್ನಾಗಿ ಕೆಲಸ ಮಾಡಿತೆಂದು 2011ರ ಅಧ್ಯಯನವೊಂದು ತೋರಿಸಿತು. 26 ದೇಶಗಳಲ್ಲಿ ನಡೆದ ‘ರೇನ್‌ಬೋ’ ಅಧ್ಯಯನ 2019ರಲ್ಲಿ ರಾನಿಬಿಜುಮ್ಯಾಬ್ ಎಂಬ ಇಂಥದೇ ಔಷಧದ ಫಲಿತಾಂಶ ಕೊಟ್ಟಿತು. 2023ರ ಫೆಬ್ರವರಿಯಲ್ಲಿ ಅಫ್ಲಿಬರ್ಸೆಪ್ಟ್, ಆರ್‌ಒಪಿಗೆಂದೇ ಅಮೆರಿಕದ ಎಫ್‌ಡಿಎ ಅನುಮತಿ ಪಡೆದ ಮೊದಲ ಔಷಧವಾಯಿತು. ಲೇಸರ್‌ಗೆ ಗಂಟೆಗಟ್ಟಲೆ ಹಿಡಿದರೆ ಇದಕ್ಕೆ ನಿಮಿಷಗಳು ಸಾಕು. ವೆಂಟಿಲೇಟರಿನಿಂದ ಆಗಷ್ಟೇ ಹೊರಬಂದ ದುರ್ಬಲ ಕೂಸಿಗೆ ಅದು ವರವೇ ಸರಿ.

ಆದರೆ ಇಂಜೆಕ್ಷನ್ ಆಯಿತೆಂದು ಮನೆಯವರು ನಿರಾಳವಾಗುವುದನ್ನು ಕಂಡಾಗ ನನಗೆ ಎದೆ ಡವಗುಟ್ಟುತ್ತದೆ. ಲೇಸರ್ ಆದ ಕಣ್ಣು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಒಂದು ಸ್ಥಿತಿಗೆ ಬರುತ್ತದೆ. ಇಂಜೆಕ್ಷನ್ ಆದ ಕಣ್ಣಿನಲ್ಲಿ ಔಷಧದ ಪ್ರಭಾವ ಇಳಿದ ಮೇಲೆ, ಎರಡು-ಮೂರು ತಿಂಗಳ ನಂತರವೂ ಕಾಯಿಲೆ ಮರಳಬಹುದು. ಅಷ್ಟರಲ್ಲಿ ಮಗು ಕೈಕಾಲು ಆಡಿಸಿ ನಗುತ್ತಿರುತ್ತದೆ, ಅಪ್ಪ-ಅಮ್ಮ ದುಡಿಮೆಗೆ ಊರು ಬಿಟ್ಟಿರುತ್ತಾರೆ. ಔಷಧದ ಅಂಶ ರಕ್ತಕ್ಕೂ ಸೇರುವುದರಿಂದ ಮಿದುಳು, ಶ್ವಾಸಕೋಶಗಳ ಬೆಳವಣಿಗೆಯ ಮೇಲೆ ಪರಿಣಾಮ ಇದೆಯೇ ಎಂದು ವಿಜ್ಞಾನಿಗಳು ಮಕ್ಕಳನ್ನು ವರ್ಷಗಳ ಕಾಲ ಗಮನಿಸುತ್ತಿದ್ದಾರೆ. ಹೀಗಾಗಿ, ಚಿಕಿತ್ಸೆ ಹಗುರವಾದಷ್ಟೂ ಕಾಯುವ ಕೆಲಸ ಭಾರವಾಗಿದೆ. ವಾರ ತಪ್ಪದೆ ಬರಲಾಗದ ಕುಟುಂಬಕ್ಕೆ ಕೆಲವು ವೈದ್ಯರು ಲೇಸರನ್ನೇ ಆರಿಸುತ್ತಾರೆ. ಹಳೆಯದೆಂದು ಅದನ್ನು ಕೀಳಾಗಿ ಕಾಣಬೇಕಿಲ್ಲ.

ಯಂತ್ರಬುದ್ಧಿಯೂ ಈ ಕೆಲಸಕ್ಕೆ ಇಳಿದಿದೆ. ಅಮೆರಿಕದ ಸಂಶೋಧಕರು ರೂಪಿಸಿದ ಒಂದು ವ್ಯವಸ್ಥೆ ಅಕ್ಷಿಪಟಲದ ಚಿತ್ರ ನೋಡಿ ನಾಳಗಳ ತೀವ್ರತೆಗೆ 1ರಿಂದ 9ರವರೆಗೆ ಅಂಕ ಕೊಡುತ್ತದೆ. ತಮಿಳುನಾಡಿನ ಅರವಿಂದ್ ಕಣ್ಣಿನ ಆಸ್ಪತ್ರೆಯ ದೂರಪರೀಕ್ಷೆಯ ಚಿತ್ರಗಳ ಮೇಲೂ ಅದನ್ನು ಪರೀಕ್ಷಿಸಿದ್ದಾರೆ. ಕಳೆದ ವಾರಕ್ಕಿಂತ ಈ ವಾರ ಅಂಕ ಏರಿದೆಯೇ ಎಂದು ಹೇಳುವ ಯಂತ್ರ ನಮ್ಮಂಥ ಕಡೆ ನಿಜಕ್ಕೂ ಉಪಯೋಗಕ್ಕೆ ಬಂದೀತು. ತಡೆಯುವ ದಾರಿಯಲ್ಲೂ ಹೊಸತಿದೆ. 28 ವಾರಕ್ಕಿಂತ ಮುಂಚೆ ಹುಟ್ಟಿದ ಶಿಶುಗಳಿಗೆ ಅರಾಕಿಡಾನಿಕ್ ಆಮ್ಲ ಮತ್ತು ಡಿಎಚ್‌ಎ ಎಂಬ ಎರಡು ಕೊಬ್ಬಿನಾಮ್ಲಗಳನ್ನು ಹೊಟ್ಟೆಗೆ ಕೊಟ್ಟಾಗ ತೀವ್ರ ಆರ್‌ಒಪಿ ಅರ್ಧಕ್ಕಿಳಿಯಿತೆಂದು 2021ರಲ್ಲಿ ಸ್ವೀಡನ್ನಿನ ಅಧ್ಯಯನ ವರದಿ ಮಾಡಿತು. ಈ ಎರಡೂ ತಾಯಿಯ ಹಾಲಿನಲ್ಲಿ ಇರುವಂಥವು.

ಹಸಿರು ಬಂದ ಮೇಲೂ, ಚಿಕಿತ್ಸೆ ಗೆದ್ದ ಮೇಲೂ, ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಸಮೀಪದೃಷ್ಟಿ, ಮೆಳ್ಳೆಗಣ್ಣು ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ವರ್ಷ ತುಂಬುವುದರೊಳಗೆ ಒಮ್ಮೆ, ಆಮೇಲೆ ಶಾಲೆಗೆ ಸೇರುವವರೆಗೂ ವೈದ್ಯರು ಹೇಳಿದ ಹೊತ್ತಿಗೆ ಕಣ್ಣು ತೋರಿಸುತ್ತಿರಬೇಕು. ಒಂದು ವರ್ಷದ ಮಗುವಿಗೂ ಕನ್ನಡಕ ಹಾಕುತ್ತಾರೆ, ಕಿವಿಯ ಹಿಂದೆ ಎಲಾಸ್ಟಿಕ್ ಪಟ್ಟಿ ಕಟ್ಟಿ. ಹೆಣ್ಣುಮಗುವಿಗೆ ಈಗಲೇ ಕನ್ನಡಕವೇ ಎಂದು ಬೀರುವಿನಲ್ಲಿ ಎತ್ತಿಡುವ ಮನೆಗಳುಂಟು. ಏಳೆಂಟು ವರ್ಷದೊಳಗೆ ಮಿದುಳು ಸ್ಪಷ್ಟ ಚಿತ್ರ ಕಾಣುವುದನ್ನು ಕಲಿಯದಿದ್ದರೆ ಆಮೇಲೆ ಎಂಥ ಕನ್ನಡಕ ಕೊಟ್ಟರೂ ಅದನ್ನು ಕಲಿಸುವುದು ಬಹಳ ಕಷ್ಟ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡ ನೋಡುವ ಕಾಯಿಲೆಗಳ ಪಟ್ಟಿಯಲ್ಲಿ ಆರ್‌ಒಪಿಯೂ ಇದೆ. ಆ ತಂಡ ಬಂದ ದಿನ ಮಗು ಎಂಟು ತಿಂಗಳಿಗೇ ಹುಟ್ಟಿದ್ದು, ಗಾಜಿನ ಪೆಟ್ಟಿಗೆಯಲ್ಲಿತ್ತು ಎಂದು ತಾಯಿ ಬಾಯಿಬಿಟ್ಟು ಹೇಳಬೇಕು, ನಮ್ಮ ಬಿಡುಗಡೆ ಚೀಟಿಯನ್ನೂ ತೋರಿಸಬೇಕು.